ಬಾತೂರ್ ಜ್ವಾಲಾಮುಖಿಯ ಸೂರ್ಯೋದಯ ಚಾರಣ: ಬೆಂಗಳೂರಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲಿಗೆ ಟಿಕೆಟ್ ಮಾಡಿಸಿದವರು ಹೊರಡುವ ಹದಿನೈದು ದಿನ ಮೊದಲು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಕಚೇರಿಯ ಊಟದ ಹೊತ್ತಿನಲ್ಲಿ, ಮದುವೆ ಮನೆಯಲ್ಲಿ, ಚಾರಣದ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವವು ಕೊನೆಗೆ. ಎಲ್ಲವನ್ನೂ ಓದಬೇಕಿಲ್ಲ, ನಿಮ್ಮ ಪ್ರಶ್ನೆ ಕಂಡಲ್ಲಿ ನಿಲ್ಲಿ.

## ಹೋಗಬೇಕೇ, ಬಿಡಬೇಕೇ

ಈ ಬಾತೂರ್ ಎಲ್ಲಿದೆ? ಮಧ್ಯರಾತ್ರಿ ಎದ್ದು ಹೋಗುವಂಥದ್ದು ಅಲ್ಲೇನಿದೆ?

ಬಾಲಿಯ ಈಶಾನ್ಯ ಭಾಗದ ಕಿಂತಾಮಣಿ ಸೀಮೆಯಲ್ಲಿರುವ ಜೀವಂತ ಜ್ವಾಲಾಮುಖಿ ಇದು. ಎತ್ತರ 1,717 ಮೀಟರ್. ಅಗಲವಾದ ಬಾಣಲೆಯೊಂದರ ನಡುವೆ ಲೋಟ ಕವುಚಿಟ್ಟರೆ ಹೇಗಿರುತ್ತದೋ ಹಾಗೆ ಕುಸಿದ ಹಳೆಯ ಪರ್ವತದ ಹೊಟ್ಟೆಯೊಳಗಿಂದ ಈ ಹೊಸ ಬೆಟ್ಟ ಎದ್ದಿದೆ. ಪಕ್ಕದಲ್ಲಿ ಬಾತೂರ್ ಸರೋವರ.

ಕಾರ್ಯಕ್ರಮ ಎಲ್ಲರದೂ ಒಂದೇ ಬಗೆ. ಉಬುದ್‌ನಲ್ಲಿ ಉಳಿದಿದ್ದರೆ ರಾತ್ರಿ ಎರಡರ ಸುಮಾರಿಗೆ, ಕುತಾ ಅಥವಾ ಸೆಮಿನ್ಯಾಕ್ ಕಡೆ ಇದ್ದರೆ ಅದಕ್ಕೂ ಮೊದಲೇ ವಾಹನ ಬರುತ್ತದೆ. ನಾಲ್ಕರ ಹೊತ್ತಿಗೆ ನಡಿಗೆ ಶುರು, ಎರಡು ಗಂಟೆಯ ಏರು, ಆರರ ಆಸುಪಾಸಿನಲ್ಲಿ ಸೂರ್ಯೋದಯ. ಮೇಲೆ ತಿಂಡಿ ತಿಂದು, ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ಒಂದಿಷ್ಟು ಓಡಾಡಿ, ಇಳಿದು ಹೋಟೆಲ್ ಸೇರುವಾಗ ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗಿರುತ್ತದೆ.

ನಂದಿ ಬೆಟ್ಟದಲ್ಲಿ ಕಾಣದ ಸೂರ್ಯ ಅಲ್ಲೇನು ಬೇರೆ ಇದ್ದಾನೆಯೇ?

ಇಲ್ಲ. ಈ ಪ್ರಶ್ನೆಯನ್ನು ಕುಚೋದ್ಯಕ್ಕೆ ಕೇಳುವವರೇ ಹೆಚ್ಚು. ಆದರೂ ಇಡೀ ಪಟ್ಟಿಯಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಇದೇ.

ಮೋಡದ ಮೇಲೆ ನಿಂತು ಸೂರ್ಯ ಹುಟ್ಟುವುದನ್ನು ನೋಡುವುದಷ್ಟೇ ಆಸೆಯಾದರೆ 1,478 ಮೀಟರ್ ಎತ್ತರದ ನಂದಿ ಸಾಕು. ಚಳಿಗಾಲದ ಒಳ್ಳೆಯ ಬೆಳಗಿನಲ್ಲಿ ಅಲ್ಲಿ ಕಾಣುವ ಮೋಡದ ಹಾಸು ಬಾಲಿಯದಕ್ಕಿಂತ ಕಡಿಮೆಯದೇನಲ್ಲ. ಹೆಬ್ಬಾಳ ದಾಟಿದರೆ ಅರ್ಧ ದಾರಿ ಕಳೆದಂತೆ, ಪಾಸ್‌ಪೋರ್ಟ್ ಬೇಡ.

ನಂದಿಯಲ್ಲಿ ಇಲ್ಲದಿರುವುದು ಕಾಲ ಕೆಳಗಿನ ನೆಲ. ನಂದಿ, ಸಾವನದುರ್ಗ, ನಮ್ಮ ಲಾಲ್‌ಬಾಗ್‌ನ ಬಂಡೆ ಎಲ್ಲವೂ ಭೂಮಿಯ ಆಳದಲ್ಲಿ ರೂಪುಗೊಂಡು, ಮೇಲಿನ ಪದರ ಸವೆದ ಮೇಲೆ ಹೊರಗೆ ಕಂಡವು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಬಾತೂರ್‌ನ ಬುಡದ ಕಪ್ಪು ಲಾವಾ ಹಾಸಿನ ಒಂದು ಭಾಗ ಹರಿದದ್ದು 1963ರಲ್ಲಿ, ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ. ಕೊನೆಯ ಬಾರಿ ಅದು ಕೆಮ್ಮಿದ್ದು 2000ದಲ್ಲಿ. ಮೇಲೆ ಕಲ್ಲಿನ ಬಿರುಕಿಗೆ ಅಂಗೈ ಒಡ್ಡಿದರೆ ಒದ್ದೆ ಬಿಸಿ ತಗಲುತ್ತದೆ. ಕನ್ನಡಕ ಹಾಕಿದವರಿಗೆ ಬಗ್ಗಿದ ಕೂಡಲೇ ಗಾಜು ಮಂಜಾಗುತ್ತದೆ.

ಹಾಗಾಗಿ ನಾನು ಎಲ್ಲರಿಗೂ ಮರಳಿ ಕೇಳುವುದು ಒಂದೇ: ಸೂರ್ಯ ಕಾಣದೆ ಪೂರ್ತಿ ಮೋಡ ಮುಚ್ಚಿದರೂ ಆ ಬೆಟ್ಟ ಹತ್ತಿದ್ದಕ್ಕೆ ನಿಮಗೆ ಬೇಸರವಾಗದೇ? ಆಗದು ಎನ್ನುವವರು ಹೋಗಲಿ. ಸೂರ್ಯನ ಫೋಟೊ ಸಿಗದಿದ್ದರೆ ದುಡ್ಡು ದಂಡ ಎನ್ನುವವರು ಆ ರಾತ್ರಿ ನಿದ್ದೆ ಮಾಡುವುದೇ ವಾಸಿ.

ಕುಮಾರ ಪರ್ವತ ಹತ್ತಿದ್ದೇನೆ. ಇದು ಅದಕ್ಕಿಂತ ಕಷ್ಟವೇ?

ಎತ್ತರದಲ್ಲಿ ಎರಡೂ ಅವಳಿಗಳು: ಕುಮಾರ ಪರ್ವತ 1,712 ಮೀಟರ್, ಬಾತೂರ್ 1,717. ಶ್ರಮದಲ್ಲಿ ಹೋಲಿಕೆಯೇ ಇಲ್ಲ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಬೆಟ್ಟದ ಬುಡದ ತಗ್ಗಿನಲ್ಲಿ. ಅಲ್ಲಿಂದ ಹೊರಟವರು ಸುಮಾರು 1,600 ಮೀಟರ್ ಏರಬೇಕು. ಬಾತೂರ್‌ನಲ್ಲಿ ವಾಹನವೇ ನಿಮ್ಮನ್ನು ಸಾವಿರ ಮೀಟರ್ ಎತ್ತರಕ್ಕೆ ತಂದು ಬಿಡುತ್ತದೆ; ಕಾಲಿಗೆ ಉಳಿಯುವುದು ಸುಮಾರು 700 ಮೀಟರ್. ಸ್ಕಂದಗಿರಿಯನ್ನು ನಿಂತು ನಿಂತಾದರೂ ಹತ್ತಿದವರು ಇದನ್ನು ಹತ್ತಬಲ್ಲರು.

ಒಂದು ಎಚ್ಚರಿಕೆ. ನಮ್ಮ ಕಡೆಯ ಬೆಟ್ಟಗಳಲ್ಲಿ ಬಂಡೆ ಕಾಲನ್ನು ಹಿಡಿಯುತ್ತದೆ. ಅಲ್ಲಿ ಕೊನೆಯ ಮೂರನೆಯ ಒಂದು ಭಾಗ ಸಡಿಲ ಜಲ್ಲಿ ಮತ್ತು ಕಪ್ಪು ಮರಳು. ಎರಡು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರುತ್ತೀರಿ. ಇಳಿಯುವಾಗ ಮೊಣಕಾಲು ಮಾತನಾಡುತ್ತದೆ. ಬೀಳುವವರು ಬಹುಪಾಲು ಬೀಳುವುದು ಬೆಳಕಾದ ಮೇಲೆ, ಇಳಿಜಾರಿನಲ್ಲೇ.

ಅಮ್ಮನಿಗೆ ಅರವತ್ತು ದಾಟಿದೆ, ಮಂಡಿನೋವು. ಕರೆದುಕೊಂಡು ಹೋಗಬಹುದೇ?

ನಡಿಗೆಗೆ ಬೇಡ. ಅದೇ ಬೆಟ್ಟದ ಇಳಿಜಾರಿನಲ್ಲಿರುವ ನೋಟದ ಜಾಗಗಳಿಗೆ ಹಳೆಯ ಜೀಪುಗಳು ಹೋಗುತ್ತವೆ. ಅಮ್ಮ ಆರಾಮವಾಗಿ ಕುಳಿತು ಸೂರ್ಯೋದಯ ನೋಡಿ, ಬರುವಾಗ ಲಾವಾ ಹಾಸಿನ ನಡುವೆ ಇಳಿದು ನಿಲ್ಲಬಹುದು. ತುದಿಯ ಹಬೆಯಾಡುವ ಬಿರುಕುಗಳು ಸಿಗುವುದಿಲ್ಲ. ಜೀಪಿನ ಪ್ರಯಾಣವೂ ಮೈ ಕುಲುಕಿಸುತ್ತದೆ, ಬೆನ್ನುನೋವಿದ್ದರೆ ಯೋಚಿಸಿ.

ಇನ್ನೂ ಸುಲಭದ ದಾರಿಯೊಂದಿದೆ. ಹಗಲಲ್ಲಿ ಕಿಂತಾಮಣಿಯ ರಸ್ತೆಗೆ ಹೋಗಿ, ಬಾಣಲೆಯ ಅಂಚಿನ ಮೇಲಿರುವ ಯಾವುದಾದರೂ ಕಾಫಿ ಅಂಗಡಿಯಲ್ಲಿ ಕುಳಿತರೆ ಬೆಟ್ಟ, ಸರೋವರ, ಕಪ್ಪು ಲಾವಾ ಮೂರೂ ಎದುರಿಗೇ ಇರುತ್ತವೆ. ಮನೆಯವರಲ್ಲಿ ಅರ್ಧ ಜನ ಹತ್ತಿ, ಅರ್ಧ ಜನ ಇಲ್ಲಿ ಕಾಯುವುದು ಒಳ್ಳೆಯ ಏರ್ಪಾಡು.

ಯಾವ ತಿಂಗಳಲ್ಲಿ ಹೋದರೆ ಮೋಡದ ಕಾಟ ಕಡಿಮೆ?

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ. ನಮ್ಮ ಬೇಸಿಗೆ ರಜೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಜುಲೈ, ಆಗಸ್ಟ್‌ನಲ್ಲಿ ಆಕಾಶ ಚೆನ್ನಾಗಿರುತ್ತದೆ, ಜನಜಂಗುಳಿಯೂ ಹಾಗೆಯೇ ಇರುತ್ತದೆ. ಕ್ರಿಸ್‌ಮಸ್ ರಜೆಗೆ ಹೋಗುವವರು ನಡು ಮಳೆಗಾಲಕ್ಕೆ ಹೋಗುತ್ತಿದ್ದೇವೆ ಎಂದು ತಿಳಿದೇ ಹೋಗಬೇಕು.

ಯುಗಾದಿಯ ರಜೆಗೆ ಹೊರಡುವವರು ಪಂಚಾಂಗವನ್ನೊಮ್ಮೆ ನೋಡಿ. ಬಾಲಿಯ ಹಿಂದೂಗಳೂ ಶಕ ವರ್ಷ ಎಣಿಸುವವರೇ. ಅವರ ಹೊಸ ವರ್ಷವಾದ ‘ನ್ಯೆಪಿ’ ಹಲವು ವರ್ಷ ನಮ್ಮ ಯುಗಾದಿಯ ಮಗ್ಗುಲಲ್ಲೇ ಬರುತ್ತದೆ: 2025ರಲ್ಲಿ ಮಾರ್ಚ್ 29ಕ್ಕೆ ನ್ಯೆಪಿ, ಮರುದಿನ ಯುಗಾದಿ. ನಮ್ಮಲ್ಲಿ ಹೋಳಿಗೆಯ ಸಂಭ್ರಮವಾದರೆ ಅಲ್ಲಿ ಆ ದಿನ ಸಂಪೂರ್ಣ ಮೌನ. ದೀಪ ಹಚ್ಚುವಂತಿಲ್ಲ, ಬೀದಿಗಿಳಿಯುವಂತಿಲ್ಲ, ವಿಮಾನ ನಿಲ್ದಾಣವೇ ಒಂದು ದಿನ ಮುಚ್ಚಿರುತ್ತದೆ. ಚಾರಣದ ಮಾತೇ ಇಲ್ಲ.

## ಆ ರಾತ್ರಿಯ ಸಂಗತಿ

ಬಾಲಿ ತಲುಪಿದ ಮೊದಲ ರಾತ್ರಿಯೇ ಮುಗಿಸಿಬಿಡೋಣವೇ? ಇರುವುದೇ ಐದು ದಿನ.

ಬೇಡ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಎರಡು ಗಂಟೆಗೆ ವಾಹನ ಬಂದಾಗ ನಿಮ್ಮ ಮೈಗೆ ಇನ್ನೂ ರಾತ್ರಿ ಹನ್ನೊಂದೂವರೆ. ನಿದ್ದೆ ಹತ್ತುವ ಸಮಯದಲ್ಲಿ ಬೂಟು ಹಾಕಬೇಕು. ಅದರ ಹಿಂದಿನ ರಾತ್ರಿ ಕೆಂಪೇಗೌಡ ನಿಲ್ದಾಣದ ಕುರ್ಚಿಯಲ್ಲೋ ವಿಮಾನದಲ್ಲೋ ಕಳೆದಿರುತ್ತದೆ. ಸತತ ಎರಡು ರಾತ್ರಿಯ ನಿದ್ದೆಗೆಟ್ಟು ಸಡಿಲ ಜಲ್ಲಿಯ ಮೇಲೆ ನಡೆಯುವುದು ಜಾಣತನವಲ್ಲ.

ಮೂರನೆಯ ಅಥವಾ ನಾಲ್ಕನೆಯ ರಾತ್ರಿಗೆ ಇಡಿ. ಹಿಂದಿನ ಸಂಜೆ ಎಂಟಕ್ಕೆ ಮಲಗಿ. ಹೋಟೆಲ್ ಬದಲಿಸಲು ಬೇಸರವಿಲ್ಲದಿದ್ದರೆ ಆ ಒಂದು ರಾತ್ರಿ ಸರೋವರದ ದಡದ ತೋಯಾ ಬುಂಗ್ಕಾ ಹಳ್ಳಿಯಲ್ಲೇ ಉಳಿಯಿರಿ. ಚಾರಣ ಅಲ್ಲಿಂದಲೇ ಶುರುವಾಗುವುದರಿಂದ ಮೂರಕ್ಕೆ ಎದ್ದರೂ ನಡೆಯುತ್ತದೆ. ಹತ್ತಿದ ದಿನದ ಮಧ್ಯಾಹ್ನಕ್ಕೆ ಬೇರೇನನ್ನೂ ಜೋಡಿಸಬೇಡಿ. ‘ಬೆಳಿಗ್ಗೆ ಬಾತೂರ್, ಮಧ್ಯಾಹ್ನ ಜಲಪಾತ, ಸಂಜೆ ದೇವಸ್ಥಾನ’ ಎಂಬ ಒಂದು ದಿನದ ಪ್ಯಾಕೇಜುಗಳಲ್ಲಿ ಮಧ್ಯಾಹ್ನದ ಭಾಗವನ್ನು ಜನ ಕಾರಿನಲ್ಲಿ ಬಾಯಿ ತೆರೆದು ನಿದ್ದೆ ಮಾಡಿ ಕಳೆಯುತ್ತಾರೆ.

ಬಾಲಿಯಲ್ಲಿ ಸೆಕೆಯಲ್ಲವೇ? ಸ್ವೆಟರ್ ಹೊರಬೇಕೇ?

ಹೊರಬೇಕು. ಕಡಲ ತೀರದ ಸೆಕೆಯಲ್ಲಿ ಪ್ಯಾಕ್ ಮಾಡುವವರು ಇದನ್ನು ನಂಬುವುದಿಲ್ಲ. ಆದರೆ ಚಳಿ ಬರುವುದು ಹತ್ತುವಾಗಲ್ಲ. ಏರುವ ಎರಡು ಗಂಟೆ ಬೆವರು ಇಳಿದು ಅಂಗಿ ಬೆನ್ನಿಗೆ ಅಂಟಿರುತ್ತದೆ. ತುದಿಯಲ್ಲಿ ಹಲಗೆಯ ಮೇಲೆ ಕುಳಿತ ಹತ್ತೇ ನಿಮಿಷಕ್ಕೆ ಆ ಒದ್ದೆ ಅಂಗಿಗೆ ಗಾಳಿ ತಾಗುತ್ತದೆ. ಆಗ ಜಾಕೆಟ್ ಹಾಕಿದರೂ ಒಳಗಿನ ಒದ್ದೆ ನಡುಗಿಸುತ್ತದೆ. ಆದ್ದರಿಂದ ಜಾಕೆಟ್‌ಗಿಂತ ಮುಖ್ಯವಾದದ್ದು ಚೀಲದಲ್ಲಿ ಒಂದು ಒಣ ಟೀ ಶರ್ಟ್. ಮೇಲೆ ತಲುಪಿದ ಕೂಡಲೇ, ಕತ್ತಲಿರುವಾಗಲೇ ಬದಲಿಸಿ, ಆಮೇಲೆ ಜಾಕೆಟ್ ಹಾಕಿ.

ಹಿಡಿತವಿರುವ ಬೂಟು ಕಡ್ಡಾಯ. ಸವೆದ ಜಾಗಿಂಗ್ ಬೂಟು ಅಲ್ಲಿ ಜಾರುಬಂಡೆಯಾಗುತ್ತದೆ. ಕಾಲುಚೀಲ ಉದ್ದದ್ದಿರಲಿ, ಇಳಿಯುವಾಗ ಕಪ್ಪು ಮರಳು ಬೂಟಿನೊಳಗೆ ಸೇರಿ ಹಿಮ್ಮಡಿ ಉಜ್ಜುತ್ತದೆ. ಟಾರ್ಚ್ ಕೈಯಲ್ಲಿ ಹಿಡಿಯುವುದಕ್ಕಿಂತ ತಲೆಗೆ ಕಟ್ಟುವಂಥದ್ದಾದರೆ ಎರಡೂ ಕೈ ಬಿಡುವಾಗಿರುತ್ತವೆ. ಗೈಡ್ ಕೊಡುತ್ತಾರೆ, ಬ್ಯಾಟರಿಯ ಭರವಸೆ ಯಾರೂ ಕೊಡುವುದಿಲ್ಲ.

ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಮೇಲೆ ಏನು ಸಿಗುತ್ತದೆ?

ಅಲ್ಲಿನ ತಿಂಡಿಯ ಹೆಮ್ಮೆಯೇ ಮೊಟ್ಟೆ. ಗೈಡ್ ಹಬೆ ಬರುವ ಬಿರುಕಿನಲ್ಲಿ ಅದನ್ನಿಟ್ಟು ಬೇಯಿಸಿ ಕೊಡುತ್ತಾರೆ. ಕೆಲವೊಮ್ಮೆ ಬಾಳೆಹಣ್ಣನ್ನೂ ಹಾಗೆಯೇ ಬೇಯಿಸಿ ಬ್ರೆಡ್ಡಿನ ನಡುವೆ ಒತ್ತಿ ಕೊಡುವುದುಂಟು. ಸಸ್ಯಾಹಾರಿಗಳಿಗೆ ಅದೇ ಗತಿ, ರುಚಿ ಪರವಾಗಿಲ್ಲ. ಬುಕ್ ಮಾಡುವಾಗಲೇ ಮೊಟ್ಟೆ ಬೇಡ ಎಂದು ಬರೆದು ತಿಳಿಸಿ. ನಿಪ್ಪಟ್ಟು, ಕೋಡುಬಳೆ ಜೊತೆಗಿರಲಿ. ಹತ್ತುವ ಮೊದಲು ಖಾಲಿ ಹೊಟ್ಟೆ ಬೇಡ, ತುಂಬಿದ ಹೊಟ್ಟೆಯೂ ಬೇಡ.

ಕಾಫಿ ಕೊಡುತ್ತಾರೆ. ಪುಡಿಯನ್ನು ನೇರವಾಗಿ ಲೋಟಕ್ಕೆ ಹಾಕಿ ಬಿಸಿನೀರು ಸುರಿಯುವ ಪದ್ಧತಿ. ಫಿಲ್ಟರ್ ಕಾಫಿಯ ನಾಲಿಗೆಗೆ ಒರಟು. ಗಸಿ ಕೆಳಗಿಳಿಯುವವರೆಗೆ ಕಾಯಿರಿ, ಕೊನೆಯ ಗುಟುಕು ಲೋಟದಲ್ಲೇ ಬಿಡಿ.

ಶೌಚಾಲಯ ಇದೆಯೇ?

ಕೆಳಗೆ ಹೊರಡುವ ಜಾಗದಲ್ಲಿದೆ. ಅಲ್ಲಿಯೇ ಮುಗಿಸಿಕೊಳ್ಳಿ, ಮೇಲಿನದನ್ನು ನಂಬಬೇಡಿ.

ಮುಟ್ಟಿನ ದಿನಗಳಲ್ಲಿ ಹತ್ತಲು ಬಿಡುತ್ತಾರೆಯೇ?

ಬಾಲಿಯಲ್ಲಿ ಆ ದಿನಗಳಲ್ಲಿ ದೇವಸ್ಥಾನದ ಆವರಣದೊಳಗೆ ಹೋಗುವಂತಿಲ್ಲ. ಬಾಗಿಲಲ್ಲೇ ಫಲಕ ಇರುತ್ತದೆ. ಪ್ರವಾಸಿಗಳ ಸಾಮಾನ್ಯ ಚಾರಣ ದೇವಸ್ಥಾನದ ಭೇಟಿಯಲ್ಲ, ಹತ್ತಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ದಾರಿಯಲ್ಲಿ ಗುಡಿಯ ಒಳಗೆ ಕರೆದರೆ ಹೊರಗೆ ನಿಂತರಾಯಿತು. ಅನುಮಾನವಿದ್ದರೆ ಗೈಡ್‌ಗೆ ನೇರವಾಗಿ ಹೇಳಿ. ಅವರು ಮುಖ ಕೆಂಪಾಗಿಸುವವರಲ್ಲ.

ಮೇಲೆ ಮಂಗಗಳಿವೆಯಂತೆ?

ಇವೆ. ಬೆಳಕಾಗುತ್ತಲೇ ತಿಂಡಿಗೆ ಹಾಜರಾಗುತ್ತವೆ. ನಂದಿಯ ಮಂಗಗಳನ್ನು ಕಂಡವರಿಗೆ ಹೊಸತೇನಿಲ್ಲ, ಆದರೆ ಫೋಟೊಕ್ಕಾಗಿ ಕೈತುತ್ತು ಕೊಡುವ ಚಪಲ ಬೇಡ. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ಕಚ್ಚಿದರೂ ಪರಚಿದರೂ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ಲಸಿಕೆಗೆ ಹೋಗಬೇಕು, ಬೆಂಗಳೂರಿಗೆ ಬಂದ ಮೇಲೆ ನೋಡೋಣ ಎನ್ನುವಂತಿಲ್ಲ.

## ಗೈಡ್ ಮತ್ತು ದುಡ್ಡು

ದಾರಿ ಮೊಬೈಲ್ ನಕ್ಷೆಯಲ್ಲೇ ಇದೆ. ಗೈಡ್ ಬೇಕೇ ಬೇಕೇ?

ಬೇಕು. ಸ್ಥಳೀಯ ಸಂಘದ ಗೈಡ್ ಇಲ್ಲದೆ ಬಾತೂರ್ ಹತ್ತುವುದು ವ್ಯವಹಾರದಲ್ಲಿ ಸಾಧ್ಯವಿಲ್ಲ. ಒಬ್ಬರೇ ಹೊರಟರೆ ಬುಡದಲ್ಲೇ ತಡೆಯುತ್ತಾರೆ. ಇದು ಸುಲಿಗೆ ಎಂದು ರೇಗುವವರನ್ನು ಕಂಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಆ ಬೆಟ್ಟದ ಬುಡದ ಹಳ್ಳಿಗಳು ಲಾವಾ ಉರುಳಿದರೆ ಮೊದಲು ಕಳೆದುಕೊಳ್ಳುವವು; ಬೆಟ್ಟ ಸುಮ್ಮನಿರುವಷ್ಟು ದಿನ ಅದರಿಂದ ನಾಲ್ಕು ಕಾಸು ದುಡಿಯುವ ಹಕ್ಕು ಅವರಿಗಿದೆ. ನಮ್ಮಲ್ಲೂ 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಸಂದಣಿ ಮಿತಿಮೀರಿದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್‌ನ ಕಟ್ಟುಪಾಡು ಬಂತಲ್ಲ.

ಗೈಡ್‌ನ ನಿಜವಾದ ಉಪಯೋಗ ದಾರಿ ತೋರುವುದರಲ್ಲಿಲ್ಲ. ಮುಂದಿನವರ ಬೆನ್ನು ನೋಡುತ್ತ ನಡೆದರೂ ತುದಿ ಸಿಗುತ್ತದೆ. ಹಬೆಯ ಅಂಚಿನಲ್ಲಿ ಎಲ್ಲಿ ನೆಲ ಗಟ್ಟಿ, ಎಲ್ಲಿ ಪೊಳ್ಳು, ಇಳಿಯುವಾಗ ಯಾವ ಜಲ್ಲಿಯ ಮೇಲೆ ಹಿಮ್ಮಡಿ ಊರಬೇಕು ಎಂಬುದು ಅವರ ಕಾಲಿಗೆ ಗೊತ್ತು. ಒಳ್ಳೆಯ ಗೈಡ್‌ನ ಗುರುತು ಸುಲಭ: ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರೆಂದು ಮೊದಲ ಹತ್ತು ನಿಮಿಷದಲ್ಲೇ ಕಂಡುಕೊಂಡು ಅವರನ್ನು ತನ್ನ ಹಿಂದೆಯೇ ಇರಿಸಿಕೊಳ್ಳುತ್ತಾರೆ.

ಒಟ್ಟು ಎಷ್ಟು ಖರ್ಚು?

ರುಪಿಯಾದ ಸೊನ್ನೆಗಳಿಗೆ ಹೆದರಬೇಡಿ. ವಿನಿಮಯ ದರ ಏರಿಳಿಯುತ್ತದೆ, ಆದರೂ 1,000 ರುಪಿಯಾ ಎಂದರೆ ಐದು ರೂಪಾಯಿ ಚಿಲ್ಲರೆ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ವಾಹನ, ಗೈಡ್, ತಿಂಡಿ ಸೇರಿದ ಗುಂಪಿನ ಚಾರಣಕ್ಕೆ ಸಾಮಾನ್ಯವಾಗಿ ತಲೆಗೆ ನಾಲ್ಕರಿಂದ ಏಳು ಲಕ್ಷ ರುಪಿಯಾ ಕೇಳುತ್ತಾರೆ. ಖಾಸಗಿಯಾಗಿ ಮಾಡಿಸಿದರೆ ಹೆಚ್ಚು. ಚಾರಣಕ್ಕೆ ಸೇರದ, ಬಾಲಿಗೆ ಇಳಿದವರೆಲ್ಲ ಕೊಡುವ ಎರಡು ಬಾಬ್ತುಗಳಿವೆ: ಇಳಿದ ಮೇಲೆ ಪಡೆಯುವ ವೀಸಾಕ್ಕೆ 5,00,000 ರುಪಿಯಾ, 2024ರ ಫೆಬ್ರುವರಿಯಿಂದ ವಿದೇಶಿ ಪ್ರವಾಸಿಗಳ ಮೇಲೆ ಹಾಕಿರುವ 1,50,000 ರುಪಿಯಾ ಶುಲ್ಕ.

ಗೈಡ್‌ಗೆ ಕೈಯಲ್ಲಿ ಒಂದಿಷ್ಟು ಕೊಡಿ. ಬುಕ್ ಮಾಡಿಸಿಕೊಂಡವರ ಪಾಲು ಕಳೆದು ಅವರ ಕೈಗೆ ಸೇರುವುದು ನೀವು ಊಹಿಸಿದ್ದಕ್ಕಿಂತ ಕಡಿಮೆ.

ಗುಂಪಿನಲ್ಲಿ ಹೋಗುವುದೋ, ನಾವು ನಾಲ್ವರೇ ಗೈಡ್ ಮಾಡಿಕೊಳ್ಳುವುದೋ?

ನಾಲ್ವರಿದ್ದರೆ ನಿಮ್ಮದೇ ಗೈಡ್. ತಲೆಗೆ ಬೀಳುವ ವ್ಯತ್ಯಾಸ ಸಣ್ಣದು, ಲಾಭ ದೊಡ್ಡದು. ಗುಂಪಿನಲ್ಲಿ ನಡಿಗೆಯ ವೇಗ ನಿಮ್ಮ ಕೈಯಲ್ಲಿರುವುದಿಲ್ಲ; ಬೇರೆ ಹೋಟೆಲ್‌ಗಳಿಂದ ಜನರನ್ನು ಹತ್ತಿಸಿಕೊಳ್ಳಲು ಇನ್ನೊಂದು ಗಂಟೆ ನಿದ್ದೆ ಹೋಗುತ್ತದೆ. ಒಬ್ಬರೇ ಹೋಗುವವರಿಗೆ ಮಾತ್ರ ಗುಂಪು ಸರಿ.

ಬರುವಾಗ ಕಾಫಿ ತೋಟಕ್ಕೆ ಕರೆದೊಯ್ಯುತ್ತಾರಂತೆ. ನೋಡಬೇಕಾದದ್ದೇ?

ಚಿಕ್ಕಮಗಳೂರು, ಕೊಡಗು ನೋಡಿದವರಿಗೆ ನಾಲ್ಕು ಕಾಫಿ ಗಿಡ ತೋರಿಸಿ ಬೆರಗು ಹುಟ್ಟಿಸುವುದು ಕಷ್ಟ. ಅಲ್ಲಿ ಮಾರುವುದು ಪುನುಗಿನ ಬೆಕ್ಕು ತಿಂದು ಹೊರಹಾಕಿದ ಬೀಜದ ‘ಲುವಾಕ್’ ಕಾಫಿ. ಬೆಲೆ ಚುರುಕು. ಬೆಕ್ಕುಗಳನ್ನು ಪಂಜರದಲ್ಲಿ ಕೂಡಿಹಾಕಿ ಹಣ್ಣು ತಿನ್ನಿಸುವ ಕಡೆಗಳೇ ಹೆಚ್ಚು. ಹಗಲಲ್ಲಿ ಮಲಗಬೇಕಾದ ಆ ಪ್ರಾಣಿ ಜನರ ಮೊಬೈಲ್ ಬೆಳಕಿಗೆ ಮುದುರಿಕೊಂಡಿರುವುದನ್ನು ನೋಡಲು ನನಗಂತೂ ಆಗುವುದಿಲ್ಲ. ಚಾಲಕನಿಗೆ ಅಲ್ಲಿ ಕಮಿಷನ್ ಇರುತ್ತದೆ. ಬುಕ್ ಮಾಡುವಾಗಲೇ ತೋಟ ಬೇಡ ಎಂದುಬಿಟ್ಟರೆ ಮುಜುಗರವಿಲ್ಲ.

ತೋಯಾ ಬುಂಗ್ಕಾದ ಬಿಸಿನೀರಿನ ಕೊಳಗಳು ಬೇರೆ ಮಾತು. ಇಳಿದು ಬಂದ ಕಾಲಿಗೆ ಅವು ಒಳ್ಳೆಯ ಮದ್ದು. ಒಂದು ಜೊತೆ ಬಟ್ಟೆ ವಾಹನದಲ್ಲೇ ಇಟ್ಟಿರಿ.

## ಜ್ವಾಲಾಮುಖಿಯ ಕುರಿತು

ನಾವು ಮೇಲಿದ್ದಾಗ ಸಿಡಿದರೆ?

ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಇಂಡೊನೇಷ್ಯಾದ ಜ್ವಾಲಾಮುಖಿ ನಿಗಾ ಸಂಸ್ಥೆ ಪ್ರತಿಯೊಂದು ಬೆಟ್ಟಕ್ಕೂ ನಾಲ್ಕು ಹಂತದ ಎಚ್ಚರಿಕೆ ಕೊಡುತ್ತದೆ. ಮೊದಲನೆಯದು ಸಾಮಾನ್ಯ ಸ್ಥಿತಿ, ಎರಡನೆಯದು ‘ವಸ್ಪಾದಾ’, ಮೂರನೆಯದು ‘ಸಿಯಾಗಾ’, ನಾಲ್ಕನೆಯದು ‘ಅವಸ್’. ‘ಮ್ಯಾಗ್ಮಾ ಇಂಡೊನೇಷ್ಯಾ’ ಎಂಬ ಸರ್ಕಾರಿ ತಾಣದಲ್ಲಿ ಇದು ಕಾಣುತ್ತದೆ. ಹೊರಡುವ ಹಿಂದಿನ ದಿನ ನೋಡಿ. ಮೊದಲ ಹಂತದಲ್ಲಿದ್ದರೆ ಮಾತ್ರ ಹತ್ತಿ.

ಎರಡನೆಯ ಹಂತವೆಂದರೆ ಸಣ್ಣ ವಿಷಯ ಎಂದು ಗೈಡ್‌ಗಳು ಹೇಳಬಹುದು. ಸುಮಾತ್ರಾದ ಮರಾಪಿ 2023ರ ಡಿಸೆಂಬರ್‌ನಲ್ಲಿ ಸಿಡಿದಾಗ ಅದು ಎರಡನೆಯ ಹಂತದಲ್ಲೇ ಇತ್ತು. ತುದಿಯಿಂದ ಮೂರು ಕಿಲೋಮೀಟರ್ ದೂರವಿರಿ ಎಂಬ ಸೂಚನೆಯೂ ಇತ್ತು. ಆದರೂ ಚಾರಣ ನಡೆದಿತ್ತು, 20ಕ್ಕೂ ಹೆಚ್ಚು ಮಂದಿ ಸತ್ತರು. ಬಿಸಿ ನೀರಿನ ಹಬೆಯ ಒತ್ತಡದಿಂದ ಆಗುವ ಸ್ಫೋಟಕ್ಕೆ ಮುನ್ಸೂಚನೆ ಸಿಗದಿರುವುದೇ ಹೆಚ್ಚು. ಬಾತೂರ್ 2000ದಿಂದ ಸಿಡಿದಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಜೀವಂತ ಬೆಟ್ಟದ ಮೇಲೆ ನಿಲ್ಲುವ ಸಣ್ಣ ಅಪಾಯ ಸೊನ್ನೆಯಾಗುವುದಿಲ್ಲ. ಅದನ್ನು ಒಪ್ಪುವವರಷ್ಟೇ ಹತ್ತಬೇಕು.

ಬೇರೆ ಜ್ವಾಲಾಮುಖಿ ಸಿಡಿದು ವಿಮಾನ ರದ್ದಾದರೆ? ವಿಮೆ ಕೊಡುತ್ತದೆಯೇ?

ಹತ್ತುವಾಗಿನ ಅಪಾಯಕ್ಕಿಂತ ಇದರ ಸಂಭವವೇ ಹೆಚ್ಚು. 2017ರ ನವೆಂಬರ್‌ನಲ್ಲಿ ಬಾಲಿಯದೇ ಅಗುಂಗ್ ಪರ್ವತದ ಬೂದಿಯಿಂದ ವಿಮಾನ ನಿಲ್ದಾಣ ಮುಚ್ಚಿತು. 2024ರ ನವೆಂಬರ್‌ನಲ್ಲಿ ನೂರಾರು ಕಿಲೋಮೀಟರ್ ಆಚೆಯ ಫ್ಲೋರೆಸ್ ದ್ವೀಪದ ಲೆವೊತೊಬಿ ಸಿಡಿದಾಗಲೂ ಬಾಲಿಯ ವಿಮಾನಗಳು ರದ್ದಾದವು, 2025ರಲ್ಲಿ ಮತ್ತೆ. ವಿಮೆ ಕೊಳ್ಳುವಾಗ ಎರಡು ಷರತ್ತು ಓದಿ: ನೈಸರ್ಗಿಕ ವಿಕೋಪದಿಂದ ಪ್ರಯಾಣ ನಿಂತರೆ ಹೋಟೆಲ್ ಖರ್ಚು ಕೊಡುತ್ತಾರೆಯೇ, ಚಾರಣವನ್ನು ‘ಸಾಹಸ ಕ್ರೀಡೆ’ ಎಂದು ಹೊರಗಿಟ್ಟಿದ್ದಾರೆಯೇ. ಬೂದಿಯ ಸುದ್ದಿ ಹಬ್ಬಿದ ಮೇಲೆ ಕೊಂಡ ವಿಮೆಗೆ ಸಾಮಾನ್ಯವಾಗಿ ಬೆಲೆಯಿಲ್ಲ. ವಾಪಸಾಗುವ ಮರುದಿನವೇ ಕಚೇರಿಯಲ್ಲಿ ಮುಖ್ಯ ಸಭೆ ಇಟ್ಟುಕೊಳ್ಳಬೇಡಿ.

ತುದಿಯಲ್ಲಿ ನಿಂತು ಏನು ನೋಡಬೇಕು? ಎಲ್ಲರೂ ಸೂರ್ಯನನ್ನೇ ನೋಡುತ್ತಿರುತ್ತಾರೆ.

ಸೂರ್ಯ ಮೇಲೆ ಬಂದ ಮೇಲೆ ಹೆಚ್ಚಿನವರು ಇಳಿಯಲು ಅವಸರ ಮಾಡುತ್ತಾರೆ. ನೀವು ಆಗ ನೋಡಲು ಶುರು ಮಾಡಿ.

ಮೊದಲು ದೂರದ ಗೋಡೆ. ಸುತ್ತ ಕಾಣುವ ಬೆಟ್ಟಸಾಲು ಸುಮಾರು 29,000 ಮತ್ತು 20,000 ವರ್ಷಗಳ ಹಿಂದಿನ ಎರಡು ಮಹಾಸ್ಫೋಟಗಳಲ್ಲಿ ಕುಸಿದ ಹಳೆಯ ಪರ್ವತದ ಅಂಚು. ಅದರ ಉದ್ದ ಸುಮಾರು 13 ಕಿಲೋಮೀಟರ್, ಅಗಲ 10. ಸರೋವರದ ಆಚೆ ಎದ್ದಿರುವ ಅಬಾಂಗ್ ಆ ಅಂಚಿನಲ್ಲೇ ಎತ್ತರದ ಭಾಗ, 2,152 ಮೀಟರ್. ಅದರ ಬೆನ್ನಿಗೆ ಅಗುಂಗ್. ಹವೆ ತಿಳಿಯಾಗಿದ್ದರೆ ಕಡಲಾಚೆ ಲೊಂಬೊಕ್ ದ್ವೀಪದ ರಿಂಜಾನಿ.

ಆಮೇಲೆ ಕೆಳಗೆ. ಕಪ್ಪಗೆ ಹೊಳೆಯುವ ಭಾಗ ಹೊಸ ಲಾವಾ. ಹುಲ್ಲು, ಗಿಡ ಹಿಡಿದದ್ದು ಹಳೆಯದು. ಬಣ್ಣದಿಂದಲೇ ವಯಸ್ಸು ಅಂದಾಜು ಮಾಡಬಹುದು. 1926ರಲ್ಲಿ ಹರಿದ ಲಾವಾ ಬೆಟ್ಟದ ಬುಡದಲ್ಲಿದ್ದ ಬಾತೂರ್ ಹಳ್ಳಿಯನ್ನೂ ಅದರ ದೇವಸ್ಥಾನವನ್ನೂ ನುಂಗಿತು. ಅದಕ್ಕೆ ಮೊದಲು 1917ರಲ್ಲಿ ಲಾವಾ ಗುಡಿಯ ಬಾಗಿಲಿಗೆ ಬಂದು ನಿಂತಿತ್ತು ಎಂದು ಅಲ್ಲಿನವರು ಹೇಳುತ್ತಾರೆ. ಗುಡಿ ಕಾಯುತ್ತದೆ ಎಂಬ ನಂಬಿಕೆಯಲ್ಲೇ ಅವರು ಊರು ಬಿಟ್ಟಿರಲಿಲ್ಲ. 1926ರ ನಂತರ ಊರು, ದೇವರು ಎರಡೂ ಬಾಣಲೆಯ ಅಂಚಿನ ಮೇಲಕ್ಕೆ ಹೋದವು. ಇಂದು ಕಿಂತಾಮಣಿ ರಸ್ತೆಯಲ್ಲಿ ಕಾಣುವ ‘ಪುರ ಉಲುನ್ ದಾನು ಬಾತೂರ್’ ದೇವಸ್ಥಾನ ಅದೇ. ಸರೋವರದ ದೇವತೆ ‘ದೇವಿ ದಾನು’ವಿನ ಸನ್ನಿಧಿ. ಬಾಲಿಯ ಗದ್ದೆಗಳಿಗೆ ನೀರು ಹಂಚುವ ‘ಸುಬಕ್’ ಪದ್ಧತಿಯ ರೈತರು ಈಗಲೂ ಅಲ್ಲಿಗೆ ಕಾಣಿಕೆ ತರುತ್ತಾರೆ. ಉಬುದ್‌ನಲ್ಲಿ ನೀವು ಫೋಟೊ ತೆಗೆದ ಮೆಟ್ಟಿಲು ಗದ್ದೆಗಳ ನೀರಿನ ಲೆಕ್ಕ ಅವರ ನಂಬಿಕೆಯಲ್ಲಿ ಇಲ್ಲಿಂದಲೇ ಶುರು.

ಇಷ್ಟನ್ನು ಗೈಡ್ ತಾನಾಗಿ ಹೇಳದಿದ್ದರೆ ಕೇಳಿ. ಅವರ ಅಜ್ಜನ ಊರು ಯಾವುದೆಂದು ಕೇಳಿದರೆ ಮಾತು ತಾನೇ ಬರುತ್ತದೆ.

## ಇನ್ನೂ ಮುಂದೆ ಯೋಚಿಸುವವರಿಗೆ

ಬ್ರೋಮೊ, ಇಜೆನ್, ಅಗುಂಗ್, ರಿಂಜಾನಿ ಇವುಗಳಲ್ಲಿ ಒಂದನ್ನೇ ಆರಿಸುವುದಾದರೆ?

ಇಜೆನ್. ಜಾವಾದ ಪೂರ್ವ ತುದಿಯಲ್ಲಿದೆ. ಬಾಲಿಯಿಂದ ದೋಣಿಯಲ್ಲಿ ದಾಟಿ ಹೋಗಬಹುದು. ಅಲ್ಲಿ ರಾತ್ರಿ ಹೋಗುವುದಕ್ಕೆ ನಿಜವಾದ ಕಾರಣವಿದೆ: ಬಿರುಕಿನಿಂದ ಬರುವ ಗಂಧಕದ ಅನಿಲ ನೀಲಿಯಾಗಿ ಉರಿಯುವುದು ಕತ್ತಲಲ್ಲಿ ಮಾತ್ರ ಕಾಣುತ್ತದೆ. ಬೆಳಕಾದ ಮೇಲೆ ಆಮ್ಲ ತುಂಬಿದ ಹಸಿರು ನೀಲಿ ಸರೋವರ, ಹೆಗಲ ಮೇಲೆ ಗಂಧಕದ ಗಟ್ಟಿಗಳನ್ನು ಹೊತ್ತು ಏರುವ ಕಾರ್ಮಿಕರು. ಅವರ ದಾರಿಗೆ ಅಡ್ಡ ನಿಂತು ಫೋಟೊ ತೆಗೆಯುವವರನ್ನು ಕಂಡರೆ ಸಿಟ್ಟು ಬರುತ್ತದೆ. ಅನಿಲದ ಮುಖವಾಡ ಕಡ್ಡಾಯ, ಅಸ್ತಮಾ ಇದ್ದವರು ಅತ್ತ ತಲೆ ಹಾಕಬಾರದು.

ಬ್ರೋಮೊ ನಡಿಗೆಗಿಂತ ನೋಟದ ಬೆಟ್ಟ. ಸೂರ್ಯೋದಯಕ್ಕೆ ಎದುರಿನ ಪೆನಾಂಜಾಕನ್‌ವರೆಗೆ ಜೀಪು ಹೋಗುತ್ತದೆ. ಅಗುಂಗ್ 3,000 ಮೀಟರ್ ದಾಟಿದ ಬೆಟ್ಟ, ಬಾಲಿಯವರಿಗೆ ಪರಮ ಪವಿತ್ರ; ಬೆಸಾಕಿ ದೇವಸ್ಥಾನದಲ್ಲಿ ದೊಡ್ಡ ಉತ್ಸವಗಳಿದ್ದಾಗ ಹತ್ತಲು ಬಿಡುವುದಿಲ್ಲ. ರಿಂಜಾನಿ 3,726 ಮೀಟರ್, ಡೇರೆ ಹಾಕಿ ಎರಡು ಮೂರು ದಿನ ನಡೆಯುವ ಗಂಭೀರ ಚಾರಣ. ಬಾತೂರ್ ಹತ್ತಿದ ಹುರುಪಿನಲ್ಲಿ ಮುಂದಿನ ವಾರವೇ ರಿಂಜಾನಿಗೆ ಹೆಸರು ಕೊಡಬೇಡಿ.

ಭಾರತದಲ್ಲೇ ಜ್ವಾಲಾಮುಖಿ ನೋಡಲಾಗದೇ?

ನಮ್ಮ ಜೀವಂತ ಜ್ವಾಲಾಮುಖಿ ಅಂಡಮಾನಿನ ಬ್ಯಾರೆನ್ ದ್ವೀಪ. ಅದನ್ನು ದೂರದಿಂದ ನೋಡಬಹುದೇ ಹೊರತು ಹತ್ತುವಂತಿಲ್ಲ. ತಣ್ಣಗಾದವು ಕರ್ನಾಟಕದಲ್ಲೇ ಇವೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಲಾವಾ ಆರಿ ಬಿರಿದದ್ದು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿದ ಲಾವಾ ದಿಂಬುಗಳಂತೆ ಗಟ್ಟಿಯಾಗಿ ನಿಂತಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಾಲಿಗೆ ಹೋಗುವ ಮೊದಲು ಮಕ್ಕಳಿಗೆ ಇದನ್ನೊಮ್ಮೆ ತೋರಿಸಿದರೆ ಬಾತೂರ್‌ನಲ್ಲಿ ಅವರ ಪ್ರಶ್ನೆಗಳೇ ಬೇರೆಯಾಗುತ್ತವೆ.

ಸೂರ್ಯೋದಯವನ್ನೇ ಬಿಟ್ಟು ಹಗಲು ಹೊತ್ತಿನಲ್ಲಿ ಹತ್ತಬಹುದೇ?

ಹತ್ತಬಹುದು, ಬಹಳ ಕಡಿಮೆ ಜನ ಕೇಳುತ್ತಾರೆ ಅಷ್ಟೇ. ಬೆಳಕು ಹರಿಯುವಾಗ ಬುಡದಿಂದ ಹೊರಡುವಂತೆ ಗೈಡ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಕತ್ತಲಲ್ಲಿ ಹತ್ತಿದವರು ಇಳಿಯುತ್ತ ಎದುರಾಗುತ್ತಾರೆ. ನೀವು ಮೇಲೆ ತಲುಪುವಾಗ ತುದಿ ಖಾಲಿಯಾಗಿರುತ್ತದೆ. ಲಾವಾ ಹಾಸನ್ನು ಕಣ್ಣಾರೆ ನೋಡುತ್ತ ಏರಬಹುದು, ಕಾಲಿಡುವ ಜಾಗವೂ ಕಾಣುತ್ತದೆ. ನಷ್ಟ ಎರಡು: ನೆರಳಿಲ್ಲದ ಇಳಿಜಾರಿನಲ್ಲಿ ಬಿಸಿಲು, ಮತ್ತು ಒಂಬತ್ತು ಹತ್ತರ ಹೊತ್ತಿಗೆ ಮೋಡ ಏರಿ ಬರುವ ಸಾಧ್ಯತೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ ಇರಲಿ. ಎಷ್ಟೋ ಗೈಡ್‌ಗಳಿಗೂ ಇದು ಇಷ್ಟವೇ, ಏಕೆಂದರೆ ಅವರೂ ಆ ರಾತ್ರಿ ಮನೆಯಲ್ಲಿ ಮಲಗಿರುತ್ತಾರೆ.